ಸೇವ್ ಮಾಡಿದ್ದು ಹೋದದ್ದೆಲ್ಲಿಗೆ?

2009ರ ಜನವರಿ. ಉಬುಂಟು ಲಿನಕ್ಸಿನ 9.04 ಆವೃತ್ತಿ ಇನ್ನೂ ಬಿಡುಗಡೆಯಾಗಿರಲಿಲ್ಲ. ಉತ್ಸಾಹಿಗಳು ಪರೀಕ್ಷೆಗೆಂದು ತಮ್ಮ ಯಂತ್ರಗಳಲ್ಲಿ ಹಾಕಿಕೊಂಡು ನೋಡುತ್ತಿದ್ದರು. ಅಂಥವರೊಬ್ಬರ ಕಂಪ್ಯೂಟರು ಕರೆಂಟು ಹೋಗಿ ಆರಿತು. ಮತ್ತೆ ಶುರು ಮಾಡಿದಾಗ, ಕೆಲಸದ ಸಮಯದ ಲೆಕ್ಕವಿಡುವ ಪುಟ್ಟ ಪ್ರೋಗ್ರಾಮೊಂದರ ಸೆಟ್ಟಿಂಗ್ಸ್ ಫೈಲು ಖಾಲಿಯಾಗಿತ್ತು. ಹೆಸರು ಇದ್ದಲ್ಲೇ ಇತ್ತು, ಗಾತ್ರ ಮಾತ್ರ 0 ಬೈಟ್. ಕೆಲವು ದಿನ ಕಳೆದು ಅವರೇ ಬಯಾಸ್ ಸೆಟ್ಟಿಂಗ್‌ಗಳನ್ನು ಬದಲಿಸಿ ನೋಡುತ್ತಿದ್ದಾಗ, ಡೆಸ್ಕ್‌ಟಾಪ್ ತೆರೆದುಕೊಂಡ ಕೂಡಲೇ ಯಂತ್ರ ಕೈಕೊಟ್ಟಿತು. ಈ ಸಲ ಪೆಟ್ಟು ದೊಡ್ಡದು. ಹಿಂದಿನ ಬಾರಿ ಯಂತ್ರ ಚಾಲೂ ಇದ್ದಾಗ ಯಾವ್ಯಾವ ಪ್ರೋಗ್ರಾಮು ಏನೇನು ಬರೆದಿತ್ತೋ ಹೆಚ್ಚೂಕಡಿಮೆ ಅಷ್ಟೂ ಫೈಲುಗಳು 0 ಬೈಟ್ ಆಗಿದ್ದವು.

ಆ ಡಿಸ್ಕಿನಲ್ಲಿದ್ದದ್ದು ಇಎಕ್ಸ್‌ಟಿ-4 ಎಂಬ ಹೊಸ ಫೈಲ್ ಸಿಸ್ಟಂ. 2008ರ ಡಿಸೆಂಬರ್ 25ರಂದು ಹೊರಬಂದ ಲಿನಕ್ಸ್ 2.6.28ರಲ್ಲಿ ಅದಕ್ಕೆ ‘ಬಳಕೆಗೆ ಸಿದ್ಧ’ ಎಂಬ ಮುದ್ರೆ ಬಿದ್ದು ತಿಂಗಳೂ ತುಂಬಿರಲಿಲ್ಲ. ಕರೆಂಟು ಹೋದರೂ ಕೆಡದಂತೆ ಜರ್ನಲ್ ಇಟ್ಟುಕೊಳ್ಳುವ ಫೈಲ್ ಸಿಸ್ಟಂ ಅದು. ಜರ್ನಲ್ ತನ್ನ ಕೆಲಸವನ್ನೇನೂ ತಪ್ಪಿಸಿರಲಿಲ್ಲ. ಡೈರೆಕ್ಟರಿಗಳು ನೆಟ್ಟಗಿದ್ದವು, ಯಾವ ಬ್ಲಾಕ್ ಯಾರದ್ದೆಂಬ ಲೆಕ್ಕ ಸರಿಯಾಗಿತ್ತು. ಫೈಲ್ ಸಿಸ್ಟಂನ ದೃಷ್ಟಿಯಲ್ಲಿ ಎಲ್ಲವೂ ಕ್ಷೇಮ. ಬಳಕೆದಾರರ ದತ್ತಾಂಶ ಮಾತ್ರ ಇರಲಿಲ್ಲ.

ಮೂವತ್ತು ಸೆಕೆಂಡಿನ ಸಾಲ

ಪ್ರೋಗ್ರಾಮೊಂದು ಫೈಲಿಗೆ ಬರೆಯಲು ಆಪರೇಟಿಂಗ್ ಸಿಸ್ಟಂಗೆ ಹೇಳಿದಾಗ ಡಿಸ್ಕಿನ ಮಟ್ಟದಲ್ಲಿ ಸಾಮಾನ್ಯವಾಗಿ ಏನೂ ನಡೆಯುವುದಿಲ್ಲ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಆ ಬೈಟುಗಳನ್ನು ರ್‍ಯಾಮ್‌ನಲ್ಲಿರುವ ಪೇಜ್ ಕ್ಯಾಶ್‌ಗೆ ನಕಲು ಮಾಡಿ, ಆ ಪುಟಕ್ಕೆ ‘ಡರ್ಟಿ’ ಎಂದು ಗುರುತು ಹಾಕಿ, ‘ಆಯಿತು’ ಎಂದುಬಿಡುತ್ತದೆ. ಡಿಸ್ಕಿಗೆ ಕಳಿಸುವ ಕೆಲಸ ಬಾಕಿ ಉಳಿಯುತ್ತದೆ. ಲಿನಕ್ಸಿನ ರೂಢಿಯ ಸೆಟ್ಟಿಂಗ್ ಪ್ರಕಾರ ಬಾಕಿ ತೀರಿಸುವ ಥ್ರೆಡ್ 5 ಸೆಕೆಂಡಿಗೊಮ್ಮೆ ಎಚ್ಚರಗೊಂಡು, ಡರ್ಟಿ ಆಗಿ 30 ಸೆಕೆಂಡು ಕಳೆದ ಪುಟಗಳನ್ನು ಡಿಸ್ಕಿಗೆ ರವಾನಿಸುತ್ತದೆ. ಅಲ್ಲಿಯವರೆಗೆ ಹೊಸ ದತ್ತಾಂಶ ಇರುವುದು ಕರೆಂಟು ಹೋದರೆ ಅಳಿಸಿಹೋಗುವ ಮೆಮೊರಿಯಲ್ಲಿ ಮಾತ್ರ.

ಇದನ್ನು ಸೋಮಾರಿತನ ಎನ್ನುವಂತಿಲ್ಲ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತು ಮುಗಿಸಲು 8.3 ಮಿಲಿಸೆಕೆಂಡು ಬೇಕು. ಮೆಮೊರಿಗೆ ಬರೆಯಲು ಸುಮಾರು 100 ನ್ಯಾನೊಸೆಕೆಂಡು ಸಾಕು. ಪ್ರತಿ ಬೈಟಿಗೂ ಡಿಸ್ಕಿನ ದಾರಿ ಕಾಯುತ್ತ ಕೂತರೆ ಯಾವ ಪ್ರೋಗ್ರಾಮೂ ಮುಂದೆ ಸಾಗದು. ಮೇಲಾಗಿ ತಾತ್ಕಾಲಿಕ ಫೈಲುಗಳು ಎಷ್ಟೋ ಸಲ 30 ಸೆಕೆಂಡಿನೊಳಗೆ ಹುಟ್ಟಿ ಅಳಿದೂ ಹೋಗುತ್ತವೆ. ಅವು ಡಿಸ್ಕನ್ನು ಮುಟ್ಟದೇ ಇದ್ದರೆ ಅಷ್ಟು ಕೆಲಸ ಉಳಿಯಿತು.

ಕರ್ನಲ್ ಕಳಿಸಿದ ಮೇಲೂ ಕಥೆ ಮುಗಿಯುವುದಿಲ್ಲ. ಹಾರ್ಡ್ ಡಿಸ್ಕಿನ ಒಳಗೇ ಒಂದಿಷ್ಟು ಮೆಮೊರಿ ಇದೆ; ಈಚಿನ ಡಿಸ್ಕುಗಳಲ್ಲಿ 64ರಿಂದ 256 ಮೆಗಾಬೈಟ್ ಇರುವುದು ಸಾಮಾನ್ಯ. ಬಂದ ಬ್ಲಾಕುಗಳನ್ನು ಡಿಸ್ಕು ಅಲ್ಲಿ ಸೇರಿಸಿಕೊಂಡು, ಅದೂ ‘ಆಯಿತು’ ಎನ್ನುತ್ತದೆ. ಆಮೇಲೆ ಓದಿ ಬರೆಯುವ ತಲೆ (ಹೆಡ್) ಎತ್ತ ಚಲಿಸಿದರೆ ಹತ್ತಿರವೋ ಅದಕ್ಕೆ ತಕ್ಕಂತೆ ಕ್ರಮ ಬದಲಿಸಿಕೊಂಡು ಕಾಂತೀಯ ತಟ್ಟೆಗೆ ಬರೆಯುತ್ತದೆ. ಹೀಗೆ ಪ್ರೋಗ್ರಾಮಿನಿಂದ ತಟ್ಟೆಯವರೆಗೆ ಇರುವ ಪ್ರತಿ ಪದರವೂ ಕೆಲಸ ಮುಗಿಯುವ ಮೊದಲೇ ಮುಗಿಯಿತೆಂದು ವರದಿ ಮಾಡುತ್ತದೆ. ವೇಗಕ್ಕೆ ಇದೇ ಮೂಲ, ಅಪಾಯಕ್ಕೂ ಇದೇ.

ಜರ್ನಲ್ ಕಾಯುವುದು ಯಾವುದನ್ನು?

ಫೈಲಿಗೆ ಒಂದೇ ಒಂದು ಹೊಸ ಬ್ಲಾಕ್ ಸೇರಿಸಬೇಕೆಂದರೂ ಡಿಸ್ಕಿನ ಮೂರು ಕಡೆ ಬರೆಯಬೇಕಾಗುತ್ತದೆ. ಯಾವ ಬ್ಲಾಕ್ ಖಾಲಿ, ಯಾವುದು ಭರ್ತಿ ಎಂದು ತೋರಿಸುವ ಬಿಟ್‌ಮ್ಯಾಪ್‌ನಲ್ಲಿ ಒಂದು ಗುರುತು, ಫೈಲಿನ ಗಾತ್ರ, ವಿಳಾಸಗಳನ್ನು ಹೊತ್ತ ಐನೋಡ್‌ನಲ್ಲಿ ಒಂದು ತಿದ್ದುಪಡಿ, ಕೊನೆಗೆ ದತ್ತಾಂಶ. ಮೂರರ ನಡುವೆ ಕರೆಂಟು ಹೋದರೆ ಒಂದೊಂದು ಬಗೆಯ ಎಡವಟ್ಟು. ಐನೋಡ್ ಮಾತ್ರ ಬದಲಾಗಿದ್ದರೆ ಅದು ತೋರಿಸುವ ಬ್ಲಾಕಿನಲ್ಲಿ ಹಳೆಯ ಕಸವಿರುತ್ತದೆ. ಬಿಟ್‌ಮ್ಯಾಪ್ ಅದನ್ನೇ ಖಾಲಿ ಎಂದು ತಿಳಿದು ನಾಳೆ ಇನ್ನೊಂದು ಫೈಲಿಗೂ ಹಂಚಬಹುದು. ಹಿಂದೆ ಇದಕ್ಕಿದ್ದ ಮದ್ದು ಎಫ್‌ಎಸ್‌ಸಿಕೆ. ಯಂತ್ರ ಶುರುವಾಗುವಾಗ ಇಡೀ ಡಿಸ್ಕನ್ನು ಜಾಲಾಡಿ ಲೆಕ್ಕ ತಾಳೆ ನೋಡುವ ಪ್ರೋಗ್ರಾಮು ಅದು. ಡಿಸ್ಕುಗಳು ದೊಡ್ಡದಾದಂತೆ ಈ ಜಾಲಾಟ ಗಂಟೆಗಟ್ಟಲೆ ಹಿಡಿಯತೊಡಗಿತು.

ಮಂಡಿಪೇಟೆಯ ಗುಮಾಸ್ತ ಈ ಸಮಸ್ಯೆಯನ್ನು ಎಂದೋ ಬಗೆಹರಿಸಿಕೊಂಡಿದ್ದ. ವ್ಯವಹಾರ ನಡೆದ ಕೂಡಲೇ ರೋಜು ಕಿರ್ದಿಯಲ್ಲಿ ಒಂದರ ಕೆಳಗೊಂದು ಬರೆದುಕೊಳ್ಳುವುದು, ಪುರುಸೊತ್ತಾದಾಗ ಅದನ್ನು ಖಾತೆವಾರು ಖತಾವಣಿಗೆ ಏರಿಸುವುದು. ಖತಾವಣಿ ಅರ್ಧಕ್ಕೆ ನಿಂತಿದ್ದರೂ ಕಿರ್ದಿ ನೋಡಿ ಪೂರ್ತಿ ಮಾಡಬಹುದು. ಫೈಲ್ ಸಿಸ್ಟಂ ಜರ್ನಲ್ ನಡೆಯುವುದೂ ಹೀಗೆಯೇ. ಮಾಡಲಿರುವ ಬದಲಾವಣೆಗಳನ್ನು ಮೊದಲು ಜರ್ನಲ್‌ನಲ್ಲಿ ಸಾಲಾಗಿ ಬರೆದು, ಕೊನೆಗೆ ‘ಕಮಿಟ್’ ಬ್ಲಾಕ್ ಒತ್ತಲಾಗುತ್ತದೆ. ಯಂತ್ರ ಕುಸಿದು ಎದ್ದಾಗ ಕಮಿಟ್ ಇರುವ ವ್ಯವಹಾರಗಳನ್ನು ಮತ್ತೊಮ್ಮೆ ಜಾರಿಮಾಡಿ, ಕಮಿಟ್ ಇಲ್ಲದವನ್ನು ಕೈಬಿಟ್ಟರೆ ಮುಗಿಯಿತು. ಗಂಟೆಗಳ ಕೆಲಸ ಸೆಕೆಂಡುಗಳಿಗೆ ಇಳಿಯುತ್ತದೆ.

ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದ ಸೀಡರ್ ವ್ಯವಸ್ಥೆ 1987ರಲ್ಲಿ ಈ ದಾರಿ ತೋರಿತು. 1990ರಲ್ಲಿ ಐಬಿಎಂನ ಎಐಎಕ್ಸ್, 1993ರಲ್ಲಿ ಮೈಕ್ರೊಸಾಫ್ಟಿನ ಎನ್‌ಟಿಎಫ್‌ಎಸ್ ಅದೇ ಹಾದಿ ಹಿಡಿದವು. ಲಿನಕ್ಸಿನ ಇಎಕ್ಸ್‌ಟಿ-2ಕ್ಕೆ ಜರ್ನಲ್ ಜೋಡಿಸುವ ಬಗೆಯನ್ನು ಸ್ಟೀಫನ್ ಟ್ವೀಡಿ 1998ರ ಪ್ರಬಂಧದಲ್ಲಿ ವಿವರಿಸಿದರು. ಅದು ಇಎಕ್ಸ್‌ಟಿ-3 ಎಂಬ ಹೆಸರಲ್ಲಿ 2001ರ ನವೆಂಬರಿನಲ್ಲಿ ಅಧಿಕೃತ ಕರ್ನಲ್ ಸೇರಿತು.

ಆದರೆ ಎಲ್ಲವನ್ನೂ ಜರ್ನಲ್‌ನಲ್ಲಿ ಬರೆದರೆ ಪ್ರತಿ ಬೈಟನ್ನೂ ಎರಡೆರಡು ಸಲ ಬರೆದಂತಾಗುತ್ತದೆ. ಆದ್ದರಿಂದ ರೂಢಿಯಲ್ಲಿ ಜರ್ನಲ್ ಸೇರುವುದು ಮೆಟಾಡೇಟಾ ಮಾತ್ರ, ಅಂದರೆ ಬಿಟ್‌ಮ್ಯಾಪ್, ಐನೋಡ್, ಡೈರೆಕ್ಟರಿಗಳ ಲೆಕ್ಕ. ಪತ್ರ, ಫೋಟೊ, ಬಿಲ್ಲುಗಳ ಒಳಗಿನದ್ದು ಅದರಲ್ಲಿ ಇರುವುದಿಲ್ಲ. ಇಎಕ್ಸ್‌ಟಿ-3ರಲ್ಲಿ ಬಳಕೆದಾರರಿಗೆ ಮೂರು ಆಯ್ಕೆಗಳಿದ್ದವು. ‘ಜರ್ನಲ್’ ವಿಧಾನದಲ್ಲಿ ದತ್ತಾಂಶವೂ ಜರ್ನಲ್‌ಗೆ ಹೋಗುತ್ತಿತ್ತು. ‘ರೈಟ್‌ಬ್ಯಾಕ್’ ವಿಧಾನದಲ್ಲಿ ದತ್ತಾಂಶ ಯಾವಾಗಾದರೂ ಹೋಗಲಿ ಎಂದು ಬಿಡಲಾಗುತ್ತಿತ್ತು. ನಡುವಿನದ್ದು ‘ಆರ್ಡರ್ಡ್’: ದತ್ತಾಂಶ ಜರ್ನಲ್‌ಗೆ ಬರದಿದ್ದರೂ, ಅದು ಡಿಸ್ಕಿಗೆ ತಲುಪಿದ ಮೇಲೆಯೇ ಸಂಬಂಧಿತ ಮೆಟಾಡೇಟಾ ಕಮಿಟ್ ಆಗಬೇಕು. ಬಹುತೇಕರ ಯಂತ್ರದಲ್ಲಿದ್ದದ್ದು ಈ ನಡುವಿನದ್ದು.

ಕಳೆದುಹೋದ ಇಪ್ಪತ್ತೈದು ಸೆಕೆಂಡು

ಇಎಕ್ಸ್‌ಟಿ-3 ಐದು ಸೆಕೆಂಡಿಗೊಮ್ಮೆ ಕಮಿಟ್ ಮಾಡುತ್ತಿತ್ತು. ಕಮಿಟ್‌ಗೆ ಮೊದಲು ದತ್ತಾಂಶ ಹೋಗಬೇಕೆಂಬ ಆರ್ಡರ್ಡ್ ನಿಯಮ ಅದರ ಜೊತೆ ಸೇರಿ, ಹೊಸದಾಗಿ ಬರೆದದ್ದೆಲ್ಲ ಹೆಚ್ಚೆಂದರೆ ಐದು ಸೆಕೆಂಡಿನಲ್ಲಿ ಡಿಸ್ಕು ಸೇರುತ್ತಿತ್ತು. ಯಾವ ನಿಯಮಪುಸ್ತಕವೂ ಹೀಗಾಗುತ್ತದೆಂದು ಮಾತು ಕೊಟ್ಟಿರಲಿಲ್ಲ. ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಿಗೆ ಆಧಾರವಾದ ಪೋಸಿಕ್ಸ್ ಮಾನದಂಡ ಹೇಳುವುದಿಷ್ಟು: ದತ್ತಾಂಶ ಡಿಸ್ಕಿಗೆ ತಲುಪಿದ್ದು ಖಾತರಿಯಾಗಬೇಕಿದ್ದರೆ ಪ್ರೋಗ್ರಾಮು ಎಫ್‌ಸಿಂಕ್ ಎಂಬ ಕರೆ ಮಾಡಿ ಉತ್ತರಕ್ಕೆ ಕಾಯಬೇಕು. ಆದರೆ ಏಳು ವರ್ಷ ಇಎಕ್ಸ್‌ಟಿ-3ರ ಜೊತೆ ಬಾಳಿದ ಪ್ರೋಗ್ರಾಮರುಗಳಿಗೆ ಆ ಕರೆಯಿಲ್ಲದೆಯೂ ಕೆಲಸ ನಡೆಯುವುದು ಅಭ್ಯಾಸವಾಗಿತ್ತು.

ಇಎಕ್ಸ್‌ಟಿ-4ರ ರೂಪುರೇಷೆ 2007ರಲ್ಲಿ ಒಟ್ಟಾವಾದ ಲಿನಕ್ಸ್ ಸಮ್ಮೇಳನದಲ್ಲಿ ಮಂಡನೆಯಾಯಿತು. ಆ ಪ್ರಬಂಧದ ಲೇಖಕರಲ್ಲಿ ಐಬಿಎಂನ ಬೆಂಗಳೂರು ಕಚೇರಿಯಲ್ಲಿದ್ದ ಸುಪರ್ಣಾ ಭಟ್ಟಾಚಾರ್ಯ ಒಬ್ಬರು. ಹೊಸ ವ್ಯವಸ್ಥೆಯ ದೊಡ್ಡ ಆಕರ್ಷಣೆಗಳಲ್ಲಿ ಒಂದು ‘ಡಿಲೇಡ್ ಅಲೊಕೇಶನ್’. ಪ್ರೋಗ್ರಾಮು ಬರೆದಾಕ್ಷಣ ಡಿಸ್ಕಿನಲ್ಲಿ ಜಾಗ ಗೊತ್ತುಮಾಡದೆ, ಕೊನೆಗಳಿಗೆಯವರೆಗೆ ಕಾದು, ಫೈಲು ಎಷ್ಟು ದೊಡ್ಡದಾಗುತ್ತದೆಂದು ತಿಳಿದ ಮೇಲೆ ಒಟ್ಟಿಗೇ ಉದ್ದನೆಯ ಜಾಗ ಕೊಡುವುದು. ಫೈಲು ಚೂರುಚೂರಾಗಿ ಹರಡುವುದು ತಪ್ಪುತ್ತದೆ, ವೇಗ ಹೆಚ್ಚುತ್ತದೆ.

ಡೆಸ್ಕ್‌ಟಾಪ್ ಪ್ರೋಗ್ರಾಮು ಸೆಟ್ಟಿಂಗ್ಸ್ ಉಳಿಸುವುದನ್ನು ಹತ್ತಿರದಿಂದ ನೋಡಿದರೆ ಸೊನ್ನೆಯ ಗುಟ್ಟು ಬಯಲಾಗುತ್ತದೆ. ಪ್ರೋಗ್ರಾಮು ತಾತ್ಕಾಲಿಕ ಹೆಸರಿನಲ್ಲಿ ಹೊಸ ಫೈಲು ತೆರೆಯಿತು, ಅದಕ್ಕೆ ಬರೆಯಿತು, ಮುಚ್ಚಿತು, ಬಳಿಕ ಹಳೆಯ ಫೈಲಿನ ಹೆಸರನ್ನೇ ಅದಕ್ಕೆ ಇಟ್ಟಿತು. ಹೆಸರು ಬದಲಾದದ್ದು ಮೆಟಾಡೇಟಾ. ಅದು ಐದು ಸೆಕೆಂಡಿನೊಳಗೆ ಜರ್ನಲ್‌ನಲ್ಲಿ ಕಮಿಟ್ ಆಯಿತು. ಹೊಸ ಫೈಲಿನ ದತ್ತಾಂಶಕ್ಕೆ ಡಿಸ್ಕಿನಲ್ಲಿ ಇನ್ನೂ ಜಾಗವೇ ಗೊತ್ತಾಗಿರಲಿಲ್ಲ. ಜಾಗವಿಲ್ಲದ್ದನ್ನು ಮೊದಲು ಕಳಿಸು ಎನ್ನಲು ಆರ್ಡರ್ಡ್ ನಿಯಮಕ್ಕೆ ದಾರಿಯಿರಲಿಲ್ಲ. ಆ ದತ್ತಾಂಶದ ಸರದಿ ಬರುವುದು ಮೂವತ್ತು ಸೆಕೆಂಡಿನ ಆಚೆ. ನಡುವಿನ ಇಪ್ಪತ್ತೈದು ಸೆಕೆಂಡು ಮತ್ತು ಅದರ ಮೇಲಿನ ಅವಧಿಯಲ್ಲಿ ಡಿಸ್ಕಿನ ಮೇಲಿದ್ದ ಚಿತ್ರ ಹೀಗೆ: ಹಳೆಯ ಫೈಲು ಅಳಿದಿದೆ, ಅದರ ಹೆಸರು ಹೊಸ ಐನೋಡಿಗೆ ಅಂಟಿದೆ, ಹೊಸ ಐನೋಡಿನ ಗಾತ್ರ ಸೊನ್ನೆ. ಯಂತ್ರ ಕುಸಿದದ್ದು ಆ ಅವಧಿಯಲ್ಲೇ.

ಇಎಕ್ಸ್‌ಟಿ-4ರ ಮುಖ್ಯ ಹೊಣೆಗಾರ ಟೆಡ್ ಚೋ ಅವರ ವಾದ ನೇರವಾಗಿತ್ತು: ಎಫ್‌ಸಿಂಕ್ ಮಾಡದ ಪ್ರೋಗ್ರಾಮುಗಳದ್ದೇ ತಪ್ಪು, ಅವನ್ನು ತಿದ್ದಿ. ಇಷ್ಟು ವರ್ಷ ನಡೆದದ್ದು ಈಗೇಕೆ ನಡೆಯಬಾರದೆಂದು ಬಳಕೆದಾರರು ತಿರುಗಿಬಿದ್ದರು. ಕೊನೆಗೆ ಚೋ ತಮ್ಮ ವಾದವನ್ನು ಬಿಡದೆಯೂ ರಾಜಿಗೆ ಬಂದರು. ಲಿನಕ್ಸ್ 2.6.30ರಿಂದ, ಇರುವ ಫೈಲಿನ ಮೇಲೆ ಹೊಸದನ್ನು ರೀನೇಮ್ ಮಾಡಿದರೆ ಅಥವಾ ಫೈಲನ್ನು ಸೊನ್ನೆಗಿಳಿಸಿ ಮತ್ತೆ ಬರೆದು ಮುಚ್ಚಿದರೆ, ಇಎಕ್ಸ್‌ಟಿ-4 ಕಾಯುವ ಹಟ ಬಿಟ್ಟು ಕೂಡಲೇ ಜಾಗ ಕೊಟ್ಟು ದತ್ತಾಂಶವನ್ನು ಮುಂದೆ ತಳ್ಳುತ್ತದೆ.

ಹಾಗಾದರೆ ಪ್ರೋಗ್ರಾಮರುಗಳು ಎಫ್‌ಸಿಂಕ್‌ನಿಂದ ದೂರ ಉಳಿದದ್ದೇಕೆ? ಹಿಂದಿನ ವರ್ಷದ ಫೈರ್‌ಫಾಕ್ಸ್ 3 ಅದಕ್ಕೊಂದು ಕಾರಣ. ಆ ಆವೃತ್ತಿ ಬುಕ್‌ಮಾರ್ಕು, ಹಿಸ್ಟರಿಗಳನ್ನು ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ ಇಡತೊಡಗಿತ್ತು. ಬಳಕೆದಾರ ಪುಟ ಬದಲಿಸಿದಾಗೆಲ್ಲ ಅದು ಎಫ್‌ಸಿಂಕ್ ಕರೆಯುತ್ತಿತ್ತು. ಇಎಕ್ಸ್‌ಟಿ-3ರಲ್ಲಿ ಎಲ್ಲ ಪ್ರೋಗ್ರಾಮುಗಳ ಬದಲಾವಣೆಗಳೂ ಒಂದೇ ಕಮಿಟ್‌ನಲ್ಲಿ ಕೂಡಿರುತ್ತವೆ. ಬ್ರೌಸರಿನ ಪುಟ್ಟ ಫೈಲೊಂದನ್ನು ಉಳಿಸಲು ಹೊರಟರೆ, ಹಿನ್ನೆಲೆಯಲ್ಲಿ ನಕಲಾಗುತ್ತಿದ್ದ ಸಿನಿಮಾದ ಬಾಕಿಯೂ ಮೊದಲು ಡಿಸ್ಕಿಗೆ ಹೋಗಬೇಕು. ಹಾಗಾಗಿ ಬ್ರೌಸರು ಸೆಕೆಂಡುಗಟ್ಟಲೆ ಕಲ್ಲಾಗಿ ಕೂರುತ್ತಿತ್ತು. ಎಫ್‌ಸಿಂಕ್ ಎಂದರೆ ನಿಧಾನ ಎಂಬ ಮಾತು ಹಬ್ಬಿದ್ದು ಹೀಗೆ.

ಸರಿಯಾದ ಕ್ರಮ ಮಾತ್ರ ಅಂದಿಗೂ ಇಂದಿಗೂ ಒಂದೇ. ತಾತ್ಕಾಲಿಕ ಫೈಲು ತೆರೆಯಬೇಕು, ಬರೆಯಬೇಕು, ಅದರ ಮೇಲೆ ಎಫ್‌ಸಿಂಕ್ ಕರೆದು ಉತ್ತರ ನೋಡಬೇಕು, ಆಮೇಲೆ ರೀನೇಮ್ ಮಾಡಬೇಕು, ಕೊನೆಗೆ ಫೈಲಿರುವ ಡೈರೆಕ್ಟರಿಯ ಮೇಲೆ ಇನ್ನೊಂದು ಎಫ್‌ಸಿಂಕ್. ಎಷ್ಟೋ ಪ್ರೋಗ್ರಾಮುಗಳು ಮರೆಯುವುದು ಈ ಕೊನೆಯದನ್ನು. ಫೈಲಿನ ಹೆಸರು ಇರುವುದು ಡೈರೆಕ್ಟರಿಯಲ್ಲಿ. ಫೈಲನ್ನು ಮಾತ್ರ ಭದ್ರಪಡಿಸಿ ಡೈರೆಕ್ಟರಿಯನ್ನು ಬಿಟ್ಟರೆ, ಕರೆಂಟು ಬಂದಾಗ ಆ ಹೆಸರು ಹಳೆಯ ಫೈಲನ್ನೇ ತೋರಿಸುತ್ತಿರಬಹುದು.

2014ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ (ಮ್ಯಾಡಿಸನ್) ಸಂಶೋಧಕರು ಹನ್ನೊಂದು ಪ್ರಸಿದ್ಧ ತಂತ್ರಾಂಶಗಳನ್ನು ಈ ಒರೆಗೆ ಹಚ್ಚಿದರು. ಯಾವ ಕ್ಷಣದಲ್ಲಿ ಕುಸಿದರೆ ಡಿಸ್ಕಿನ ಮೇಲೆ ಏನೇನು ಉಳಿದಿರಬಹುದೆಂದು ಲೆಕ್ಕ ಹಾಕುವ ಸಾಧನವೊಂದನ್ನು ಅವರು ಕಟ್ಟಿದ್ದರು. ಸಿಕ್ಕಿದ್ದು 60 ದೋಷಗಳು. ಪಟ್ಟಿಯಲ್ಲಿ ಎಸ್‌ಕ್ಯೂಲೈಟ್, ಪೋಸ್ಟ್‌ಗ್ರೆಸ್, ಪ್ರೋಗ್ರಾಮರುಗಳು ದಿನವೂ ನೆಚ್ಚುವ ಗಿಟ್ ಕೂಡ ಇದ್ದವು.

ಎರಡನೆಯ ಸಲ ಕೇಳಿದಾಗ

ಎಫ್‌ಸಿಂಕ್ ಕರೆದು ಉತ್ತರಕ್ಕೆ ಕಾದರೆ ಸಾಕು ಎಂಬ ನಂಬಿಕೆಗೆ 2018ರಲ್ಲಿ ಪೆಟ್ಟು ಬಿತ್ತು. ಪೆಟ್ಟು ತಿಂದದ್ದು ದತ್ತಾಂಶದ ವಿಷಯದಲ್ಲಿ ಕಟ್ಟುನಿಟ್ಟಿಗೆ ಹೆಸರಾದ ಪೋಸ್ಟ್‌ಗ್ರೆಸ್ ಡೇಟಾಬೇಸ್.

ಪೋಸ್ಟ್‌ಗ್ರೆಸ್‌ಗೆ ತನ್ನದೇ ಜರ್ನಲ್ ಇದೆ, ಅದರ ಹೆಸರು ವಾಲ್. ಪ್ರತಿ ಬದಲಾವಣೆಯೂ ಮೊದಲು ಅಲ್ಲಿ ದಾಖಲಾಗುತ್ತದೆ. ಆಗಾಗ ಚೆಕ್‌ಪಾಯಿಂಟ್ ಬರುತ್ತದೆ: ಮೂಲ ಟೇಬಲ್ ಫೈಲುಗಳಿಗೆಲ್ಲ ಎಫ್‌ಸಿಂಕ್ ಮಾಡಿ, ಎಲ್ಲವೂ ಭದ್ರವೆಂದು ಖಾತರಿಯಾದ ಮೇಲೆ ವಾಲ್‌ನ ಹಳೆಯ ಭಾಗವನ್ನು ಬಿಟ್ಟುಕೊಡಲಾಗುತ್ತದೆ. ಎಫ್‌ಸಿಂಕ್ ಸೋತರೆ? ಸ್ವಲ್ಪ ತಡೆದು ಮತ್ತೊಮ್ಮೆ ಪ್ರಯತ್ನಿಸುವುದು. ಎರಡು ದಶಕ ಪೋಸ್ಟ್‌ಗ್ರೆಸ್ ಮಾಡುತ್ತ ಬಂದದ್ದು ಇದನ್ನೇ, ಯಾರಿಗೂ ಇದರಲ್ಲಿ ತಪ್ಪು ಕಂಡಿರಲಿಲ್ಲ.

ಸ್ಟೋರೇಜ್ ದೋಷದಿಂದ ದತ್ತಾಂಶ ಕಳೆದುಕೊಂಡ ಗ್ರಾಹಕರೊಬ್ಬರ ಪ್ರಕರಣವನ್ನು ಕೆದಕಿದಾಗ ಕ್ರೇಗ್ ರಿಂಗರ್ ಎಂಬ ಡೆವಲಪರ್‌ಗೆ ವಿಚಿತ್ರವೊಂದು ಕಂಡಿತು. ಮೊದಲ ಎಫ್‌ಸಿಂಕ್‌ಗೆ ‘ಬರೆಯಲಾಗಲಿಲ್ಲ’ ಎಂಬ ಉತ್ತರ ಬಂದಿತ್ತು. ಎರಡನೆಯದಕ್ಕೆ ‘ಯಶಸ್ವಿ’. ಚೆಕ್‌ಪಾಯಿಂಟ್ ಮುಗಿಯಿತು, ವಾಲ್‌ನ ಹಳೆಯ ಭಾಗ ಹೋಯಿತು. ಆದರೆ ಎರಡು ಕರೆಗಳ ನಡುವೆ ಡಿಸ್ಕಿಗೆ ಏನೂ ತಲುಪಿರಲಿಲ್ಲ.

ಕಾರಣ ಲಿನಕ್ಸ್ ಕರ್ನಲ್ ತಳೆದ ನಿಲುವಿನಲ್ಲಿತ್ತು. ಡರ್ಟಿ ಪುಟವನ್ನು ಬರೆಯಲು ಹೋಗಿ ಸೋತಾಗ ಕರ್ನಲ್ ದೋಷವನ್ನು ಒಮ್ಮೆ ವರದಿ ಮಾಡಿ, ಪುಟದ ಡರ್ಟಿ ಗುರುತನ್ನು ತೆಗೆದುಹಾಕುತ್ತಿತ್ತು. ಮುಂದಿನ ಎಫ್‌ಸಿಂಕ್‌ಗೆ ಬರೆಯಬೇಕಾದ ಪುಟವೇ ಕಾಣದು. ಏನೂ ಬಾಕಿಯಿಲ್ಲವೆಂದ ಮೇಲೆ ಉತ್ತರ ‘ಯಶಸ್ವಿ’. ಇಎಕ್ಸ್‌ಟಿ-4ರಲ್ಲಿ ಇದಕ್ಕೆ ಇನ್ನೊಂದು ತಿರುವು ಸೇರಿತು. ಹೊಸ ದತ್ತಾಂಶ ಮೆಮೊರಿಯಲ್ಲಿ ಉಳಿದೇ ಇರುತ್ತಿದ್ದರಿಂದ ಓದಿದವರಿಗೆ ಎಲ್ಲ ಸರಿಯಿದ್ದಂತೆ ಕಾಣುತ್ತಿತ್ತು. ಮೆಮೊರಿ ಸಾಲದೆ ಆ ಪುಟ ಹೊರಬಿದ್ದ ದಿನ, ಡಿಸ್ಕಿನಿಂದ ಹಳೆಯ ದತ್ತಾಂಶ ಸದ್ದಿಲ್ಲದೆ ವಾಪಸು ಬರುತ್ತಿತ್ತು.

ಕರ್ನಲ್ ಡೆವಲಪರುಗಳಿಗೂ ತಮ್ಮದೇ ಸಮರ್ಥನೆ ಇತ್ತು. ಬರೆಯುವ ನಡುವೆ ಯಾರಾದರೂ ಪೆನ್‌ಡ್ರೈವ್ ಕಿತ್ತುಕೊಂಡು ಹೋದರೆ ಅದರ ಡರ್ಟಿ ಪುಟಗಳಿಗೆ ಇನ್ನೆಂದೂ ಗತಿಯಿಲ್ಲ. ಅವನ್ನು ಬಿಡದೆ ಇಟ್ಟುಕೊಂಡರೆ ಮೆಮೊರಿ ತುಂಬಿ ಇಡೀ ಯಂತ್ರವೇ ನಿಲ್ಲುತ್ತದೆ.

ಪೋಸ್ಟ್‌ಗ್ರೆಸ್ ತಂಡ ಕಂಡುಕೊಂಡ ಪರಿಹಾರ ಮೊದಲ ನೋಟಕ್ಕೆ ಅತಿರೇಕವೆನಿಸುತ್ತದೆ. 2019ರ ಫೆಬ್ರವರಿಯಲ್ಲಿ ಬಂದ 11.2 ಮತ್ತು ಅದರ ಜೊತೆಗಿನ ಆವೃತ್ತಿಗಳಿಂದ, ಎಫ್‌ಸಿಂಕ್ ಒಮ್ಮೆ ಸೋತರೆ ಡೇಟಾಬೇಸ್ ತಾನಾಗಿಯೇ ಕುಸಿಯುತ್ತದೆ. ಮತ್ತೆ ಎದ್ದು, ವಾಲ್‌ನಲ್ಲಿರುವುದನ್ನು ಮೊದಲಿನಿಂದ ಜಾರಿಮಾಡುತ್ತದೆ. ಮೈಎಸ್‌ಕ್ಯೂಎಲ್ ಮತ್ತು ಮಂಗೋಡಿಬಿ ಕೂಡ ಇಂಥದೇ ಬದಲಾವಣೆ ಮಾಡಿಕೊಂಡವು. ಆದರೂ 2020ರಲ್ಲಿ ಅದೇ ವಿಸ್ಕಾನ್ಸಿನ್ ಗುಂಪು ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್, ರೆಡಿಸ್, ಲೆವೆಲ್‌ಡಿಬಿ, ಎಲ್‌ಎಮ್‌ಡಿಬಿಗಳನ್ನು ಇಎಕ್ಸ್‌ಟಿ-4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್‌ಗಳ ಮೇಲೆ ಓಡಿಸಿ ಎಫ್‌ಸಿಂಕ್ ಸೋಲಿಸಿ ನೋಡಿದಾಗ, ಅವು ಬಳಸುವ ಯಾವ ತಂತ್ರವೂ ಪೂರ್ತಿ ಸಾಲದೆಂದು ಕಂಡುಬಂತು.

ಡಿಸ್ಕಿನ ಮಾತು

ಕರ್ನಲ್ ಮತ್ತು ಪ್ರೋಗ್ರಾಮು ಎರಡೂ ನೆಟ್ಟಗಿದ್ದರೂ ಕೊನೆಯ ಪದರ ಉಳಿಯುತ್ತದೆ, ಡಿಸ್ಕಿನ ಒಳಗಿನ ಕ್ಯಾಶ್. ಜರ್ನಲ್ ನಿಂತಿರುವುದೇ ಕ್ರಮದ ಮೇಲೆ. ವಿವರ ಬರುವ ಮೊದಲೇ ಕಮಿಟ್ ಬ್ಲಾಕ್ ತಟ್ಟೆ ಸೇರಿ ಕರೆಂಟು ಹೋದರೆ, ಮರುದಿನ ಕಸವನ್ನೇ ನಿಜವೆಂದು ಜಾರಿಮಾಡಿದಂತಾಗುತ್ತದೆ. ಅದಕ್ಕಾಗಿ ಇಎಕ್ಸ್‌ಟಿ-4 ಕಮಿಟ್‌ಗೆ ಮೊದಲು ಡಿಸ್ಕಿಗೆ ‘ನಿನ್ನ ಕ್ಯಾಶ್ ಖಾಲಿ ಮಾಡು’ ಎಂಬ ಫ್ಲಶ್ ಆದೇಶ ಕೊಡುತ್ತದೆ. ಇಎಕ್ಸ್‌ಟಿ-3ರಲ್ಲೂ ಈ ಸೌಲಭ್ಯವಿತ್ತು. ವೇಗ ಕುಗ್ಗುತ್ತದೆಂದು ಬಹುಕಾಲ ಅದನ್ನು ರೂಢಿಯಾಗಿ ಆಫ್ ಮಾಡಿ ಇಡಲಾಗಿತ್ತು. ಆಪಲ್‌ನ ಮ್ಯಾಕ್ ಯಂತ್ರಗಳಲ್ಲಿ ಸಾದಾ ಎಫ್‌ಸಿಂಕ್ ದತ್ತಾಂಶವನ್ನು ಡ್ರೈವಿನವರೆಗೆ ಮಾತ್ರ ತಲುಪಿಸುತ್ತದೆ. ಡ್ರೈವಿನ ಕ್ಯಾಶ್ ಕೂಡ ಖಾಲಿಯಾಗಬೇಕಿದ್ದರೆ ಎಫ್-ಫುಲ್‌ಎಫ್‌ಸಿಂಕ್ ಎಂಬ ಬೇರೆ ಆದೇಶವಿದೆ, ಕಂಪನಿಯ ಕೈಪಿಡಿಯೇ ಇದನ್ನು ಹೇಳುತ್ತದೆ.

ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಗಳು ಬಂದ ಮೇಲೆ ಈ ಚಿಂತೆ ತೀರಿತೆಂದು ಭಾವಿಸಿದವರಿದ್ದರು. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಎಚ್‌ಪಿ ಪ್ರಯೋಗಾಲಯದ ಸಂಶೋಧಕರು ಐದು ಕಂಪನಿಗಳ ಹದಿನೈದು ಎಸ್‌ಎಸ್‌ಡಿಗಳಿಗೆ ಬೇಕೆಂದೇ ಮತ್ತೆಮತ್ತೆ ಕರೆಂಟು ಕಡಿದು 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಹದಿಮೂರು ಡ್ರೈವುಗಳು ಎಡವಿದ್ದವು. ಸರ್ವರ್‌ಗಳಿಗೆಂದು ಮಾರುವ ದುಬಾರಿ ಎಸ್‌ಎಸ್‌ಡಿಗಳಲ್ಲಿ ಸಾಲಾಗಿ ಕೆಪಾಸಿಟರ್‌ಗಳು ಕೂತಿರುವುದು ಇದಕ್ಕಾಗಿ. ಕರೆಂಟು ಹೋದ ಮೇಲೂ ಕ್ಯಾಶ್‌ನಲ್ಲಿರುವುದನ್ನು ಫ್ಲ್ಯಾಶ್ ಚಿಪ್ಪಿಗೆ ಬರೆಯುವಷ್ಟು ವಿದ್ಯುತ್ತನ್ನು ಅವು ಹಿಡಿದಿಟ್ಟಿರುತ್ತವೆ.

ಡ್ರೈವ್ ಹೇಳುವುದು ನಿಜವೇ ಎಂದು ಅದನ್ನೇ ಕೇಳಿ ತಿಳಿಯಲಾಗದು. ಲೈವ್‌ಜರ್ನಲ್ ಜಾಲತಾಣವನ್ನು ಕಟ್ಟಿದ ಬ್ರ್ಯಾಡ್ ಫಿಟ್ಜ್‌ಪ್ಯಾಟ್ರಿಕ್‌ಗೆ ಇದರ ಅನುಭವ 2005ರ ಜನವರಿಯಲ್ಲಿ ಆಯಿತು. ಅವರ ಸರ್ವರ್‌ಗಳಿದ್ದ ಡೇಟಾ ಸೆಂಟರಿನಲ್ಲಿ ಕರೆಂಟು ಹೋಗಿ, ಡೇಟಾಬೇಸುಗಳನ್ನು ಸರಿಪಡಿಸಿ ಮೇಲೆತ್ತಲು ಗಂಟೆಗಟ್ಟಲೆ ಹಿಡಿಯಿತು. ಅದೇ ವರ್ಷ ಅವರು ಡಿಸ್ಕ್‌ಚೆಕರ್ ಎಂಬ ಸಣ್ಣ ಪರ್ಲ್ ಸ್ಕ್ರಿಪ್ಟ್ ಬರೆದರು. ಅದಕ್ಕೆ ಎರಡು ಯಂತ್ರ ಬೇಕು. ಮೊದಲನೆಯದು ಪರೀಕ್ಷಿಸಬೇಕಾದ ಡಿಸ್ಕಿಗೆ ಬರೆದು, ಎಫ್‌ಸಿಂಕ್ ಮಾಡಿ, ‘ಇಂಥ ಬ್ಲಾಕ್ ಭದ್ರ’ ಎಂದು ನೆಟ್‌ವರ್ಕಿನ ಮೂಲಕ ಎರಡನೆಯದಕ್ಕೆ ತಿಳಿಸುತ್ತ ಹೋಗುತ್ತದೆ. ಇದು ನಡೆಯುತ್ತಿರುವಾಗಲೇ ಮೊದಲ ಯಂತ್ರದ ಪವರ್ ಕೇಬಲ್ ಕೀಳಬೇಕು. ಮತ್ತೆ ಬೂಟ್ ಮಾಡಿ, ಎರಡನೆಯ ಯಂತ್ರದ ಪಟ್ಟಿಯ ಜೊತೆ ಡಿಸ್ಕಿನಲ್ಲಿರುವುದನ್ನು ತಾಳೆ ನೋಡಿದರೆ, ಭದ್ರವೆಂದು ಹೇಳಿ ಕಳೆದ ಬ್ಲಾಕುಗಳ ಸಂಖ್ಯೆ ಪರದೆಯ ಮೇಲೆ ಬರುತ್ತದೆ. ಆ ಸಂಖ್ಯೆ ಸೊನ್ನೆಯಾಗದ ಡಿಸ್ಕಿನಲ್ಲಿ ಡೇಟಾಬೇಸ್ ಇಡಬೇಕಾದರೆ ಒಂದೋ ಅದರ ರೈಟ್ ಕ್ಯಾಶ್ ಆಫ್ ಮಾಡಬೇಕು, ಇಲ್ಲವೇ ಡಿಸ್ಕುಗಳನ್ನು ನಿಯಂತ್ರಿಸುವ, ಬ್ಯಾಟರಿ ಇರುವ ರೇಡ್ ಕಾರ್ಡ್ ಕೊಳ್ಳಬೇಕು. ಎರಡನೆಯದಕ್ಕೆ ದುಡ್ಡು ಹೆಚ್ಚು, ಮೊದಲನೆಯದಕ್ಕೆ ಸಮಯ ಹೆಚ್ಚು.